ಝಟಕಾ ಮಷೀನು ಸತ್ತ ಮೇಲೆ

ಬಸವಕಲ್ಯಾಣ–ಹುಮನಾಬಾದ್ ಕಡೆ ಹೊಲದ ಸುತ್ತ ತಂತಿ ಎಳೆದು, ಒಂದು ಸಣ್ಣ ಪೆಟ್ಟಿಗೆ, ಒಂದು ಬ್ಯಾಟರಿ, ಮೇಲೊಂದು ಸೋಲಾರ್ ಪ್ಲೇಟು ಇಟ್ಟುಕೊಂಡವರು ಈಗ ಬಹಳ. ಪೆಟ್ಟಿಗೆಗೆ ನಾವು ಝಟಕಾ ಮಷೀನ್ ಅನ್ನುತ್ತೇವೆ. ಹತ್ತಿರ ನಿಂತರೆ ಸೆಕೆಂಡಿಗೊಮ್ಮೆ ಟಕ್, ಟಕ್ ಎಂದು ಕೇಳಬೇಕು. ಯಾರ ಹೊಲಕ್ಕೆ ಹೋದರೂ ನಾನೀಗ ಮೊದಲು ಆ ಸದ್ದಿಗೆ ಕಿವಿ ಕೊಡುತ್ತೇನೆ. ಎಷ್ಟೋ ಕಡೆ ಕೇಳಿಸುವುದಿಲ್ಲ. ಪೆಟ್ಟಿಗೆ ಇದೆ, ತಂತಿ ಇದೆ, ಒಳಗೆ ಜೀವ ಇಲ್ಲ.

ಸತ್ತ ಮಷೀನಿನಿಂದ ಹಂದಿಗೆ ಹಬ್ಬ, ಮಾಲೀಕನಿಗೆ ನಷ್ಟ ಎನ್ನುವಲ್ಲಿಗೆ ಮಾತು ಮುಗಿಯುವಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಬೇಲಿಗೆ ಡೈರೆಕ್ಟ್ ಲೈನ್ ಕೊಟ್ಟು ಜೀವ ತೆಗೆದವರ ಸುದ್ದಿ ಪೇಪರಿನಲ್ಲಿ ಓದುವಾಗ ಅವರು ಯಾರೋ ಕಟುಕರು ಎಂದುಕೊಳ್ಳುತ್ತಿದ್ದೆ. ಅವರಲ್ಲಿ ನನ್ನಂಥವರೂ ಇರುತ್ತಾರೆ: ಮೊದಲು ಝಟಕಾ ಮಷೀನು ಕೊಂಡವರು, ಅದನ್ನು ನೋಡಿಕೊಳ್ಳದೆ ಸಾಯಿಸಿದವರು, ಆಮೇಲೆ ಬೇಲಿಯ ಮೇಲೆಯೇ ಸಿಟ್ಟಿಗೆದ್ದವರು. ನೌಕರಿಯುದ್ದಕ್ಕೂ ಹೈಸ್ಕೂಲಿನಲ್ಲಿ ಓಮ್‌ನ ನಿಯಮ ಕಲಿಸಿದವನು ನಾನು. ಆದ್ದರಿಂದ ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ.

ಹೊಲ ಇರುವುದು ರಾಜೇಶ್ವರದಿಂದ ಹುಮನಾಬಾದ್ ಕಡೆ, ಹೆದ್ದಾರಿ ಬಿಟ್ಟು ಒಳಗೆ. ಅರ್ಧ ಕರಿ ಎರೆ, ಅರ್ಧ ಕೆಂಪು ಮುರುಮು. ಎರೆಯಲ್ಲಿ ಕಬ್ಬು, ಮುರುಮಿನಲ್ಲಿ ಸೋಯಾ, ತೊಗರಿ. ನಿವೃತ್ತಿಯಾಗಿ ಬಸವಕಲ್ಯಾಣದ ಮನೆಯಲ್ಲೇ ಉಳಿದೆ. ಹೊಲದ ಶೆಡ್ಡಿನಲ್ಲಿ ಕೆಲಸದ ಹುಡುಗನೊಬ್ಬ ಇರುತ್ತಿದ್ದ. ಕಾಟ ಮೂರು ಬಗೆಯದು. ಕಬ್ಬಿಗೆ ಕಾಡುಹಂದಿ, ಹಸಿ ಪೈರಿಗೆ ಚಿಗರಿ, ಬೋರಿನ ತಾಮ್ರದ ಕೇಬಲ್ಲಿಗೆ ಮನುಷ್ಯ. ಹಂದಿ ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಚಿಗರಿ ಗುಂಪಾಗಿ ಬಂದು ಮೊಳಕೆಯ ತುದಿ ಚಿವುಟಿ ಹೋಗುತ್ತದೆ. ಕಳ್ಳ ಮಾತ್ರ ಏನೂ ಕೆಡಿಸದೆ ಕೇಬಲ್ ಕೊಯ್ದುಕೊಂಡು ಹೋಗುತ್ತಾನೆ, ನೀರು ಕಟ್ಟುವ ಹೊತ್ತಿಗೇ ನಮಗೆ ಗೊತ್ತಾಗುವುದು. ಮೂವರಿಗೂ ಒಂದೇ ಔಷಧಿ ಸಿಕ್ಕಿತೆಂದು ನಾನು ಹಿಗ್ಗಿದ್ದೆ.

ಮಷೀನನ್ನು ಆರಿಸಿದ್ದು ರೇಟು ನೋಡಿ. ಅಂಗಡಿಯಲ್ಲಿ ಎರಡಿದ್ದವು, ಒಂದರ ಮೇಲೆ ಮಾನಕದ ಗುರುತು, ಜೂಲ್ ಲೆಕ್ಕ, ಏನೇನೋ ಅಚ್ಚಾಗಿತ್ತು, ಇನ್ನೊಂದರ ಮೇಲೆ ಹುಲಿಯ ಚಿತ್ರವಿತ್ತು. ಹುಲಿ ಅಗ್ಗ. ತಂತಿ ಹೊಸದು ಕೊಳ್ಳಲಿಲ್ಲ, ಮೊದಲೇ ಇದ್ದ ಮುಳ್ಳುತಂತಿಗೇ ಜೋಡಿಸಿದೆವು. ಗೂಟಕ್ಕೂ ತಂತಿಗೂ ನಡುವೆ ಇನ್ಸುಲೇಟರ್ ಬದಲು ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದೆವು. ಭೂಮಿಗೆ ಒಂದೇ ಒಂದು ಕಬ್ಬಿಣದ ಸಲಾಕೆ, ಅದೂ ಮೊಣಕಾಲುದ್ದ. ಕೂಡಿಸಲು ಬಂದವನು ಮಳೆ ನಿಂತ ಮರುದಿನ ಬಂದಿದ್ದ. ಹೊಲವೆಲ್ಲ ಹಸಿ. "ಸರ್, ಒಂದ್ಸಲ ಕೈ ಹಚ್ಚಿ ನೋಡ್ರಿ, ಗೊತ್ತಾಗ್ತದ" ಅಂದ. ಹಚ್ಚಿದೆ. ಭುಜದವರೆಗೆ ಬಡಿಯಿತು. ಆ ಏಟಿಗೆ ಮರುಳಾಗಿ ದುಡ್ಡು ಎಣಿಸಿದೆ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡುವ ಪರೀಕ್ಷೆಯಲ್ಲಿ ಯಾವ ಮಷೀನೂ ಪಾಸಾಗುತ್ತದೆ ಎಂದು ನನಗೆ ಹೊಳೆಯಬೇಕಿತ್ತು.

ಈ ಬೇಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಉಳಿದ ಕತೆಯೆಲ್ಲ ಇದರ ಮೇಲೆ ನಿಂತಿದೆ. ಮಷೀನು ಬ್ಯಾಟರಿಯ 12 ವೋಲ್ಟನ್ನು ಕೆಲವು ನೂರು ವೋಲ್ಟಿಗೆ ಏರಿಸಿ ಕೆಪಾಸಿಟರಿನಲ್ಲಿ ಕೂಡಿಟ್ಟು, ಟ್ರಾನ್ಸ್‌ಫಾರ್ಮರಿನ ಮೂಲಕ ಸಾವಿರಾರು ವೋಲ್ಟಾಗಿಸಿ ಒಮ್ಮೆಲೇ ತಂತಿಗೆ ಬಿಡುತ್ತದೆ. 8,000 ವೋಲ್ಟ್ ಇರಬಹುದು, ಆದರೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಆಮೇಲೆ ಸುಮಾರು ಒಂದು ಸೆಕೆಂಡು ತಂತಿ ಖಾಲಿ. ಆ ಖಾಲಿ ಸೆಕೆಂಡಿನಲ್ಲಿ ಹಂದಿ ಓಡುತ್ತದೆ, ಮನುಷ್ಯ ಕೈ ಬಿಡುತ್ತಾನೆ. ಜೀವ ಉಳಿಸುವುದು ಆ ಬಿಡುವು. ಇದಕ್ಕೊಂದು ಮಾನಕವೇ ಇದೆ. ಅಂತರರಾಷ್ಟ್ರೀಯ ಮಾನಕ ಐಇಸಿ 60335ರಲ್ಲೂ ನಮ್ಮ ಐಎಸ್ 302ರಲ್ಲೂ ಎರಡನೇ ಭಾಗದ 76ನೇ ವಿಭಾಗ. ಅದು ಹೇಳುವ ಮುಖ್ಯ ಮಾತು ಇಷ್ಟು: ಏಟು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಇರಬಾರದು, ಒಂದು ಏಟು 10 ಮಿಲಿಸೆಕೆಂಡ್ ಮೀರಬಾರದು, 500 ಓಮ್ ರೋಧದಲ್ಲಿ ಅದು ಸುರಿಯುವ ಶಕ್ತಿ 5 ಜೂಲ್ ದಾಟಬಾರದು. ಮುಳ್ಳುತಂತಿಗೆ ಇದನ್ನು ಕೊಡಲೇಬಾರದು ಎಂದೂ ಅದೇ ಮಾನಕ ಹೇಳುತ್ತದೆ. ಬಟ್ಟೆಯೋ ಚರ್ಮವೋ ಮುಳ್ಳಿಗೆ ಸಿಕ್ಕಿಕೊಂಡರೆ ಆ ಬಿಡುವಿನ ಸೆಕೆಂಡಿನಲ್ಲೂ ಬಿಡಿಸಿಕೊಳ್ಳಲಾಗುವುದಿಲ್ಲ, ಏಟಿನ ಮೇಲೆ ಏಟು ಬೀಳುತ್ತಲೇ ಇರುತ್ತದೆ. ನನ್ನ ಮುಳ್ಳುತಂತಿಗೆ ಒಂದು ಕರು ಸಿಕ್ಕಿಕೊಂಡು ಒದ್ದಾಡಿದ್ದನ್ನು ಹುಡುಗ ಹೇಳಿದ್ದ. "ಬಿಡಿಸಿದಿಯಲ್ಲ, ಆಯ್ತು" ಎಂದು ಸುಮ್ಮನಾಗಿದ್ದೆ.

ಈ ಯಂತ್ರ ಬಹಳವಾಗಿ ಬೆಳೆದದ್ದು ನ್ಯೂಜಿಲೆಂಡಿನಲ್ಲಿ. 1930ರ ದಶಕದಲ್ಲಿ ಬಿಲ್ ಗಲಾಗರ್ ಎಂಬಾತ ತನ್ನ ಕಾರಿಗೆ ಮೈ ಉಜ್ಜುತ್ತಿದ್ದ ಕುದುರೆಯನ್ನು ಬಿಡಿಸಲು ಕಾರಿನ ಮೈಗೆ ಝಟಕಾ ಕೊಟ್ಟನಂತೆ, ಆತನ ಬೇಲಿಯ ಯೋಚನೆ ಅಲ್ಲಿಂದ ಬೆಳೆಯಿತು. 1962ರಲ್ಲಿ ಅದೇ ದೇಶದ ಡಗ್ ಫಿಲಿಪ್ಸ್ ಕೆಪಾಸಿಟರಿನ ಮಷೀನು ಮಾಡಿದ. ತಂತಿಗೆ ಒಂದಿಷ್ಟು ಹುಲ್ಲು ತಾಗಿದರೂ ಅದು ಸೋಲುತ್ತಿರಲಿಲ್ಲ. ಇದಕ್ಕೂ ಮೊದಲು, 1915ರಲ್ಲಿ, ಜರ್ಮನ್ ಸೇನೆ ಬೆಲ್ಜಿಯಂ–ನೆದರ್ಲೆಂಡ್ಸ್ ಗಡಿಯುದ್ದಕ್ಕೂ 2,000 ವೋಲ್ಟಿನ ತಂತಿ ಎಳೆದಿತ್ತು. ದಾಟಲು ಹೋದ ನೂರಾರು ಜನ ಅಲ್ಲೇ ಸತ್ತರು. ಕುದುರೆ ಓಡಿಸುವ 8,000 ಕೊಲ್ಲುವುದಿಲ್ಲ, ಗಡಿಯ 2,000 ಕೊಲ್ಲುತ್ತದೆ. ಒಂದರಲ್ಲಿ ಬಿಡುವಿದೆ, ಇನ್ನೊಂದರಲ್ಲಿ ಇಲ್ಲ. ಮಕ್ಕಳಿಗೆ ವೋಲ್ಟೇಜು ಬೇರೆ, ಕರೆಂಟು ಬೇರೆ ಎಂದು ಬೋರ್ಡಿನ ಮೇಲೆ ಬರೆದು ಕೂಗಿದವನಿಗೆ ಇದು ಹೊಸದೇನೂ ಅಲ್ಲ.

ನನ್ನ ಬೇಲಿ ಮೊದಲು ಸೋತದ್ದು ಮಳೆಗಾಲದಲ್ಲಿ. ಶ್ರಾವಣದ ಹೊತ್ತಿಗೆ ಬದುವಿನ ಹುಲ್ಲು ತಂತಿಗೆ ಬಂತು. ಒಂದು ಹಸಿ ಎಸಳು ತಾಗಿದರೆ ಏಟಿನ ಒಂದಿಷ್ಟು ಪಾಲು ನೆಲಕ್ಕೆ ಹೋಗುತ್ತದೆ. ಸಾವಿರ ಎಸಳು ತಾಗಿದರೆ ಹಂದಿಗೆ ಏನೂ ಉಳಿಯುವುದಿಲ್ಲ. ಜೊತೆಗೆ ಸೈಕಲ್ ಟ್ಯೂಬು. ಕರಿ ರಬ್ಬರಿನಲ್ಲಿ ಇಂಗಾಲ ಸೇರಿರುತ್ತದೆ, ಸಾವಿರಾರು ವೋಲ್ಟಿಗೆ ಅದು ಅಡ್ಡಗೋಡೆಯಲ್ಲ, ಮಳೆಯಲ್ಲಿ ನೆನೆದರಂತೂ ಕೇಳುವುದೇ ಬೇಡ. ರಾತ್ರಿ ಗೂಟಗಳ ಬುಡದಲ್ಲಿ ಸಣ್ಣ ನೀಲಿ ಕಿಡಿ ಕಾಣುತ್ತಿತ್ತು. ಹುಡುಗ ಅದನ್ನು ಮಷೀನಿನ ತಾಕತ್ತು ಎಂದುಕೊಂಡಿದ್ದ, ನಾನೂ ತಿದ್ದಲಿಲ್ಲ. ಪಕ್ಕದ ಹೊಲದ ಕಾಕಾ ಮಾತ್ರ ಹಂದಿಯ ಹೆಜ್ಜೆ ನೋಡಿಕೊಂಡು ಬಂದು ಹೇಳಿದರು: "ಮಾಸ್ತರ್, ನಿಮ್ಮ ಮಷೀನ್ ಹಂದಿಗಿ ಕಚಗುಳಿ ಇಡ್ಲತ್ತದ ನೋಡ್ರಿ."

ಕಳ್ಳರಿಗೆಂದು ಆಮೇಲೆ ಒಂದು ಸೈರನ್ ಸೇರಿಸಿದೆ. ತಂತಿ ಕೊಯ್ದರೆ, ವೋಲ್ಟೇಜು ಬಿದ್ದರೆ ಅದು ಕೂಗಬೇಕು. ಹುಲ್ಲು ತಾಗಿದಾಗಲೂ ಕೂಗಿತು, ಮಳೆ ಬಂದಾಗಲೂ ಕೂಗಿತು, ಗಾಳಿಗೆ ಕಬ್ಬಿನ ಗರಿ ಬಡಿದಾಗಲೂ ಕೂಗಿತು. ಅಕ್ಕಪಕ್ಕದವರು ಬೈದರು. ಹುಡುಗ ಮೊದಮೊದಲು ಟಾರ್ಚ್ ಹಿಡಿದು ಓಡುತ್ತಿದ್ದವನು ಆಮೇಲೆ ಹೊದಿಕೆ ಎಳೆದುಕೊಂಡ. ಕೊನೆಗೆ ಸೈರನ್ನಿನ ವೈರು ಕಿತ್ತಿಟ್ಟ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಊರ ಮಂದಿಯೆಲ್ಲ ಹೋದ ರಾತ್ರಿ ಕೇಬಲ್ ಹೋಯಿತು. ಕಳ್ಳ ಬೇಲಿಯನ್ನು ಮುಟ್ಟಿಯೇ ಇರಲಿಲ್ಲ, ಗೇಟಿನಿಂದ ಬಂದಿದ್ದ. ಗೇಟಿಗೆ ನಾವು ತಂತಿಯನ್ನೇ ಕೊಟ್ಟಿರಲಿಲ್ಲ, ದಿನಾ ತೆಗೆದು ಹಾಕುವುದು ಯಾರು ಎಂದು.

ಎರಡನೆಯ ಸೋಲು ಬೇಸಿಗೆಯದು, ಕಾರಣ ಪೂರ್ತಿ ಉಲ್ಟಾ. ಹುಲ್ಲು ಒಣಗಿತ್ತು, ತಂತಿ ಸ್ವಚ್ಛವಾಗಿತ್ತು, ಟಕ್ ಟಕ್ ಸದ್ದು ಜೋರಾಗಿಯೇ ಇತ್ತು. ಆದರೂ ಹಂದಿ ತಂತಿಗೆ ಮೂತಿ ತಾಗಿಸಿ ಒಳಗೆ ಬರುತ್ತಿತ್ತು. ಏಟು ಬೀಳಬೇಕಾದರೆ ಕರೆಂಟು ತಂತಿಯಿಂದ ಪ್ರಾಣಿಗೆ, ಪ್ರಾಣಿಯ ಕಾಲಿನಿಂದ ನೆಲಕ್ಕೆ, ನೆಲದಿಂದ ಸಲಾಕೆಗೆ, ಸಲಾಕೆಯಿಂದ ಮಷೀನಿಗೆ ತಿರುಗಿ ಬರಬೇಕು. ಈ ಸುತ್ತಿನಲ್ಲಿ ನೆಲವೇ ಅರ್ಧ ತಂತಿ. ನಮ್ಮ ಕಡೆ ಏಪ್ರಿಲ್ ಬಂತೆಂದರೆ ಎರೆ ಭೂಮಿ ಅಂಗೈ ಹಿಡಿಯುವಷ್ಟು ಬಿರಿಯುತ್ತದೆ. ಸಲಾಕೆಯ ಸುತ್ತಲಿನ ಮಣ್ಣು ಕುಗ್ಗಿ ಸಲಾಕೆ ಗಾಳಿಯಲ್ಲಿ ನಿಂತಂತಾಗುತ್ತದೆ. ಕೆಂಪು ಮುರುಮಿನದು ಇನ್ನೂ ಕಷ್ಟ, ನೀರು ಹಿಡಿಯದ ಕಲ್ಲು ಮಣ್ಣು, ಒಣಗಿದರೆ ಕರೆಂಟಿಗೆ ದಾರಿಯನ್ನೇ ಬಿಡುವುದಿಲ್ಲ. ನನ್ನ ಮೊಣಕಾಲುದ್ದದ ಸಲಾಕೆ ಮುರುಮಿನಲ್ಲಿತ್ತು.

ಭೂಮಿ ಸರಿಯಿಲ್ಲ ಎಂಬಷ್ಟು ನನಗೂ ಹೊಳೆಯಿತು. ಆಗ ಮಾಡಿದ ಉಪಾಯ ಇನ್ನೂ ಕೆಟ್ಟದ್ದು. ನೂರಾರು ಅಡಿ ನೆಲದೊಳಗೆ ಇಳಿದ ಬೋರಿನ ಕೇಸಿಂಗ್ ಪೈಪಿಗಿಂತ ಒಳ್ಳೆಯ ಅರ್ಥಿಂಗ್ ಯಾವುದು ಎಂದು ಮಷೀನಿನ ಭೂಮಿ ವೈರನ್ನು ಅದಕ್ಕೇ ಬಿಗಿದೆ. ಬೇಲಿಗೆ ಜೀವ ಬಂತು. ಎರಡು ದಿನ ಬೀಗಿದೆ. ಆಮೇಲೆ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಪೈಪಿನ ನೀರಿಗೆ ಕೈ ಒಡ್ಡಿ "ಯವ್ವಾ, ನೀರು ಕಡೀಲತ್ತದ" ಎಂದು ಚೀರಿದರು. ಮೋಟರಿನ ಅರ್ಥಿಂಗೂ ಅದೇ ಪೈಪಿಗಿತ್ತು. ಬೇಲಿಯ ಏಟು ಮೋಟರಿನ ಮೈಗೂ ಸ್ಟಾರ್ಟರಿನ ಪೆಟ್ಟಿಗೆಗೂ ನೀರಿಗೂ ಹಂಚಿ ಹೋಗುತ್ತಿತ್ತು. ಬೇಲಿಯ ಭೂಮಿಯನ್ನು ಬೇರೆ ಯಾವ ಅರ್ಥಿಂಗಿನಿಂದಲೂ ಕನಿಷ್ಠ 10 ಮೀಟರ್ ದೂರ ಇಡಬೇಕೆಂಬ ನಿಯಮ ಇರುವುದು ಇದಕ್ಕೇ. ವೈರು ಕಿತ್ತೆ. ಬೇಲಿ ಮತ್ತೆ ಸತ್ತಿತು. ಅದೇ ದಿನಗಳಲ್ಲಿ ಬ್ಯಾಟರಿಯೂ ಹೋಯಿತು, ಯಾಕೆಂದರೆ ಡಿಸ್ಟಿಲ್ಡ್ ವಾಟರ್ ತರಲು ಪ್ಯಾಟಿಗೆ ಹೋಗುವುದೇಕೆ ಎಂದು ಹುಡುಗ ಬೋರಿನ ನೀರನ್ನೇ ಸುರಿದಿದ್ದ. ಸೋಲಾರ್ ಪ್ಲೇಟಿನ ಮೇಲೆ ರಾಶಿಯ ಕಾಲದ ದೂಳು ಹಾಗೇ ಕೂತಿತ್ತು. ಇವೆಲ್ಲ ಅವನ ಕೆಲಸವೆಂದು ನಾನು ತಿಳಿದಿದ್ದೆ, ನನ್ನ ಕೆಲಸವೆಂದು ಅವನು ತಿಳಿದಿದ್ದ.

ಎಲ್ಲರ ಹೊಲ ಬೋಳಾದ ಕಾಲ, ನನ್ನ ಕಬ್ಬು ಒಂದೇ ಹಸಿರು. ಒಂದೇ ರಾತ್ರಿಗೆ ಒಂದು ಮೂಲೆ ಪೂರ್ತಿ ನೆಲಕಚ್ಚಿತು. ಮರುದಿನ ಸಂಜೆ ಶೆಡ್ಡಿನ ಮುಂದೆ ನಿಂತಾಗ ಹುಡುಗ ಮೆಲ್ಲಗೆ ಅಂದ: "ಸರ್, ಒಂದ್ ರಾತ್ರಿ ಡೈರೆಕ್ಟ್ ಕೊಡಮ್ರಿ. ಹೊತ್ತು ಹೊಂಡೂದ್ರಾಗ ನಾ ತೆಗಿತೀನಿ." ಕೆಲಸದ ಹುಡುಗನ ಮೇಲೆ ಹಾಕಿ ಜಾರಿಕೊಳ್ಳುವಂತಿಲ್ಲ. ಅವನಿಗೆ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಗೊತ್ತಿರಲಿಲ್ಲ. ಟೆಸ್ಟರ್ ಹಿಡಿದು ನೋಡಿ, ಶೆಡ್ಡಿನ ದೀಪದ ಲೈನಿನಿಂದ ವೈರು ತೆಗೆದು ಮುಳ್ಳುತಂತಿಗೆ ಸುತ್ತಿದ್ದು ನನ್ನ ಕೈ. ಪ್ರತಿ ವರ್ಷ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬರೆದ ಲೆಕ್ಕ ನನ್ನ ಬಾಯಲ್ಲೇ ಇತ್ತು: ಮೈಯ ರೋಧ 1,000 ಓಮ್ ಎಂದುಕೊಂಡರೆ 230 ವೋಲ್ಟಿಗೆ 230 ಮಿಲಿಆಂಪಿಯರ್. ಕರೆಂಟು ಸೋರಿದರೆ ಲೈನು ಕಡಿಯುವ ಮನೆಯ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಬೀಳುವುದು, ಅದಕ್ಕಿಂತ ಮೇಲೆ ಹೃದಯದ ಭರವಸೆ ಇಲ್ಲ ಎಂದು. ಶೆಡ್ಡಿನಲ್ಲಿ ಆರ್‌ಸಿಸಿಬಿ ಇರಲಿಲ್ಲ, ಒಂದು ಹಳೆಯ ಕಟೌಟ್ ಇತ್ತು. ಹಲವಾರು ಆಂಪಿಯರ್ ಹರಿದರೆ ಮಾತ್ರ ಕರಗುವ ಆ ಫ್ಯೂಸಿಗೆ ಕಾಲು ಆಂಪಿಯರಿನಲ್ಲಿ ಸಾಯುವ ಜೀವ ಲೆಕ್ಕಕ್ಕೇ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ವೈರು ಸುತ್ತಿ, ಬಸ್ಸು ಹಿಡಿದು ಊರಿಗೆ ಬಂದು, ಉಂಡು ಮಲಗಿದೆ.

ಹುಡುಗ ಹೊತ್ತು ಹುಟ್ಟುವ ಮೊದಲು ಏಳಲಿಲ್ಲ. ಕಾಕಾನ ಎಮ್ಮೆ ರಾತ್ರಿ ಕಣ್ಣಿ ಹರಿದುಕೊಂಡು ಹಸಿರಿಗೆ ಬಂದಿತ್ತು. ಬೆಳಗಿನ ಜಾವ ಅದನ್ನು ಹುಡುಕುತ್ತ ಬಂದ ಅವರ ಮೊಮ್ಮಗ ತಂತಿಗೆ ಒರಗಿ ಬಿದ್ದ ಎಮ್ಮೆಯನ್ನು ಕಂಡು, ಮಲಗಿದೆ ಎಂದುಕೊಂಡು ಎಬ್ಬಿಸಲು ಓಡಿದ. ಹಿಂದೆ ಬರುತ್ತಿದ್ದ ಅವರ ಮನೆಯ ಆಯಿ ಚೀರಿದಳು: "ಮುಟ್ಟಬ್ಯಾಡಲೇ! ಹಿಂದ ಸರಿ! ಕಟೌಟ್ ತೆಗೀರಿ ಮೊದಲ!" ಶಾಲೆಯ ಮುಖ ಕಾಣದ ಆ ಮುದುಕಿಗೆ ಆ ಗಳಿಗೆಯಲ್ಲಿ ಹೊಳೆದದ್ದು ನನಗೆ ಹಿಂದಿನ ಸಂಜೆ ಹೊಳೆಯಲಿಲ್ಲ. ಮೊಮ್ಮಗ ನಿಂತ. ಕೈಗೂ ಎಮ್ಮೆಗೂ ನಡುವೆ ಎಷ್ಟು ಅಂತರವಿತ್ತೆಂದು ನಾನು ಯಾರನ್ನೂ ಕೇಳಿಲ್ಲ.

ನಾನು ತಲುಪಿದಾಗ ಜನ ಸೇರಿದ್ದರು. ಕಾಕಾ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಎಮ್ಮಿ ಹೋಗ್ಲಿ ಮಾಸ್ತರ್," ಅಂದರು, "ಹುಡುಗ ಮುಟ್ಟಿದ್ರ ಏನ್ ಮಾಡ್ತಿದ್ರಿ ನೀವು?" ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹಣಮಂತ ದೇವರ ಕಟ್ಟೆಯ ಮೇಲೆ ಹಿರಿಯರು ಕೂತು ಎಮ್ಮೆಯ ಬೆಲೆ ಕಟ್ಟಿದರು, ಕೊಟ್ಟೆ. ಕೇಸು ಬೇಡ ಎಂದರು, ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರು ಕೂಡ ಸರಿಯಾದದ್ದಲ್ಲ. ಹೀಗೆ ಕಟ್ಟೆಯ ಮೇಲೆ ಮುಗಿದು ಹೋಗುವುದರಿಂದಲೇ ಮುಂದಿನ ಹೊಲದವನಿಗೆ ಸುದ್ದಿ ತಲುಪುವುದಿಲ್ಲ.

ಆಮೇಲೆ ಕಾನೂನು ಓದಿದೆ. ಮೊದಲು ಕಣ್ಣಿಗೆ ಬಿದ್ದದ್ದು ನಮ್ಮೂರಿನದೇ ಪುಸ್ತಕ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಆಸ್ತಿ ಪಾಲಿನ ಜಗಳಕ್ಕೆಂದು ದೇಶದ ಕೋರ್ಟುಗಳು ಬ್ರಿಟಿಷರ ಕಾಲದಿಂದ ಅದನ್ನು ತೆರೆಯುತ್ತಿವೆ. ಆದರೆ ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಬದುವಿನ ಜಗಳಕ್ಕೆ ಒಂದು ಪ್ರಕರಣ, ಹೊಲಕ್ಕೆ ನುಗ್ಗಿದ ದನದ ಜಗಳಕ್ಕೆ ಇನ್ನೊಂದು ಪ್ರಕರಣ ಇದೆ. ದಾರಿಯ ಅಂಚಿನ, ಊರಂಚಿನ, ಹುಲ್ಲುಗಾವಲಿನ ಅಂಚಿನ ಹೊಲಕ್ಕೆ ದನ ತಿಳಿಯದೆ ಹೊಕ್ಕರೆ ಕಾಯುವವನ ಮೇಲೆ ತಪ್ಪಿಲ್ಲ. ಬೇಕೆಂದೇ ಬಿಟ್ಟರೆ ಮಾತ್ರ ದಂಡ. ಎಮ್ಮೆಗೆ ಮರಣದಂಡನೆ ಎಲ್ಲೂ ಇಲ್ಲ.

ಈಗಿನ ಕಾನೂನು ಇನ್ನೂ ಬಿಗಿ. ಬಿಹಾರದಲ್ಲಿ ಒಬ್ಬಾತ ನೆರೆಯವರು ತನ್ನ ಪಾಯಖಾನೆ ಬಳಸಬಾರದೆಂದು ಅದರ ದಾರಿಗೆ ಮನೆಯ ಕರೆಂಟಿನ ಬರಿ ತಾಮ್ರದ ತಂತಿ ಕಟ್ಟಿದ್ದ. ನೆರೆಮನೆಯ ಹೆಂಗಸೊಬ್ಬಳು ಸತ್ತಳು. ನನ್ನ ಜಾಗ, ನನ್ನ ರಕ್ಷಣೆ ಎಂದು ಆತ ವಾದಿಸಿದ. 1963ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಚೆರುಬಿನ್ ಗ್ರೆಗರಿ ಪ್ರಕರಣ ಎಂದೇ ಅದು ಕಾನೂನಿನ ಪುಸ್ತಕಗಳಲ್ಲಿದೆ. ಅಪ್ಪಣೆ ಇಲ್ಲದೆ ಒಳಬಂದವನ ಜೀವಕ್ಕೂ ಕಾನೂನಿನ ಕಾವಲಿದೆ ಎಂಬುದು ಅದರ ತಾತ್ಪರ್ಯ. ಅಂದರೆ ಆ ರಾತ್ರಿ ಸತ್ತವನು ನನ್ನ ಕೇಬಲ್ ಕದ್ದ ಕಳ್ಳನೇ ಆಗಿದ್ದರೂ ನಾನು ಕಟಕಟೆಯಲ್ಲಿ ನಿಲ್ಲಬೇಕಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅಜಾಗರೂಕತೆಯ ಸಾವಿಗೆ 5 ವರ್ಷದವರೆಗೆ ಜೈಲಿದೆ, ಮೊದಲು ಅದು 2 ವರ್ಷವಿತ್ತು. ಇನ್ನು ಚಿಗರಿ, ಅಂದರೆ ಕೃಷ್ಣಮೃಗ. ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದನ್ನು ಕೊಂದರೆ ಕನಿಷ್ಠ 3 ವರ್ಷ. ನಮ್ಮ ತಂತಿಗೆ ಎಮ್ಮೆ, ಚಿಗರಿ, ಮೊಮ್ಮಗ ಎಂಬ ಭೇದ ಗೊತ್ತಿರಲಿಲ್ಲ.

ಡೈರೆಕ್ಟ್ ಕೊಡದಿದ್ದರೆ ಸಾಕು, ಸೋಲಾರ್ ಬೇಲಿ ತಾನೇ ತಾನಾಗಿ ಸುರಕ್ಷಿತ ಎಂದೂ ತಿಳಿಯಬೇಡಿ. 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ದಸರಾ ಆನೆ ಅಶ್ವತ್ಥಾಮ ಸೋಲಾರ್ ಬೇಲಿಯ ತಂತಿ ತಾಗಿ ಸತ್ತಿತು. ಆ ಬೇಲಿಗೆ ವಿದ್ಯುತ್ ಲೈನಿನ ಕರೆಂಟು ಹರಿದಿತ್ತು. ಹೈಕೋರ್ಟು ತಾನಾಗಿ ಪ್ರಕರಣ ಎತ್ತಿಕೊಂಡಿತು. ನಮ್ಮ ಹೊಲಗಳ ಮೇಲೆ ಎಷ್ಟು ಲೈನುಗಳು ಜೋತು ಬಿದ್ದಿವೆ, ಅವುಗಳ ಕೆಳಗೆ ಎಷ್ಟು ಬೇಲಿಗಳು ಹಾದುಹೋಗಿವೆ ಎಂದು ಒಂದು ಸಲ ತಲೆಯೆತ್ತಿ ನೋಡಿದರೆ ಸಾಕು.

ಬೇಲಿಯನ್ನು ಬಿಟ್ಟುಬಿಡಬೇಕೆಂದಿದ್ದೆ. ಹಾಕಿಸಿ, ಆದರೆ ಸರಿಯಾಗಿ ಹಾಕಿಸಿ ಎಂದವರು ಕಾಕಾ. ಮುಳ್ಳುತಂತಿ ಕಿತ್ತು ಗುಜರಿಗೆ ಹಾಕಿದೆ. ಎರಡೂವರೆ ಮಿಲಿಮೀಟರಿನ ಜಿ.ಐ. ತಂತಿ, ಪ್ರತಿ ಗೂಟಕ್ಕೂ ನಿಜವಾದ ಇನ್ಸುಲೇಟರ್, ಮಾನಕದ ಗುರುತಿದ್ದ ಮಷೀನು. ಭೂಮಿಗೆ ಮನುಷ್ಯನೆತ್ತರದ ಮೂರು ಜಿ.ಐ. ಸಲಾಕೆ, ಒಂದರಿಂದೊಂದು ಹತ್ತು ಅಡಿ ದೂರ. ಅವು ಮುರುಮಿನಲ್ಲಿಲ್ಲ, ಬೇಸಿಗೆಯಲ್ಲೂ ಒಂದಿಷ್ಟು ತಂಪಿರುವ ಎರೆಯ ತಗ್ಗಿನಲ್ಲಿವೆ, ಬೋರಿನಿಂದ ಬಹಳ ದೂರ. ಅಷ್ಟಾದರೂ ಏಪ್ರಿಲ್‌ನ ನೆಲವನ್ನು ನಂಬುವ ಹಾಗಿಲ್ಲ. ಅದಕ್ಕೆ ತಂತಿಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿದ್ದೇವೆ: ಒಂದರಲ್ಲಿ ಏಟು, ಮುಂದಿನದು ಭೂಮಿಗೆ. ನೆಲ ಎಷ್ಟೇ ಒಣಗಿರಲಿ, ನುಗ್ಗುವ ಹಂದಿಯ ಮೈ ಎರಡಕ್ಕೂ ತಾಗುತ್ತದೆ, ಸುತ್ತು ಪೂರ್ತಿಯಾಗುತ್ತದೆ. ನಮ್ಮಂಥ ಒಣ ಸೀಮೆಗೆ ಇದೊಂದೇ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಸಲಾಕೆ ಹೊಡೆದು ಹೋಗುವವನನ್ನು ಗೇಟಿನಲ್ಲೇ ವಾಪಸು ಕಳಿಸಬಹುದು.

ಕೂಡಿಸಿದವನ ಎದುರಿಗೇ ಭೂಮಿಯನ್ನು ಪರೀಕ್ಷೆ ಮಾಡಿಸಿಕೊಳ್ಳಿ, ಅದೂ ಬೇಸಿಗೆಯಲ್ಲಿ. ಮಷೀನನ್ನು ಬಂದ್ ಮಾಡಿ ಅದರಿಂದ ನೂರು ಮೀಟರ್ ಆಚೆ ಕಬ್ಬಿಣದ ಸಲಾಕೆಗಳನ್ನು ನೆಲಕ್ಕೂ ತಂತಿಗೂ ಒರಗಿಸಿ, ಮತ್ತೆ ಚಾಲೂ ಮಾಡಿದಾಗ ತಂತಿಯ ವೋಲ್ಟೇಜು 2,000ಕ್ಕಿಂತ ಕೆಳಗಿಳಿಯಬೇಕು. ಆಗ ಭೂಮಿ ಸಲಾಕೆಯಲ್ಲಿ ಎಷ್ಟು ವೋಲ್ಟ್ ಉಳಿದಿದೆ ಎಂದು ಅಳೆಯುವುದು. 300 ದಾಟಿದರೆ ಇನ್ನೊಂದು ಸಲಾಕೆ ಬೇಕು. ಅಳೆಯಲು ಬೇಲಿಗೆಂದೇ ಬರುವ ಮೀಟರ್ ಕೊಳ್ಳಿ. ಮನೆಯ ಲೈನ್ ಟೆಸ್ಟರು ಇಲ್ಲಿ ಕೆಲಸಕ್ಕೆ ಬಾರದು, ಮಲ್ಟಿಮೀಟರ್ ಹಚ್ಚಿದರೆ ಅದೇ ಸುಟ್ಟುಹೋಗಬಹುದು.

ಹಳದಿ ಬೋರ್ಡುಗಳನ್ನು ತೂಗುಹಾಕಿದ್ದೇನೆ. ಮಾನಕ ಹೇಳುವ ಅಳತೆ 10 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲ. ಕಾವಲಿನ ಬೇಲಿಗೆ 10 ಮೀಟರಿಗೊಂದು, ಗೇಟಿಗೆ ತಪ್ಪದೆ ಒಂದು. ಕಬ್ಬು ಕಡಿಯಲು ಬರುವವರಲ್ಲಿ ಕನ್ನಡ ಓದದ ಮರಾಠಿಯವರಿರುತ್ತಾರೆ, ಯಾವುದನ್ನೂ ಓದದವರೂ ಇರುತ್ತಾರೆ. ಆದ್ದರಿಂದ ಎರಡು ಭಾಷೆ, ಜೊತೆಗೆ ತಂತಿ ಹಿಡಿದ ಕೈಯ ಚಿತ್ರ. ಮಕ್ಕಳಿಗೆ ನಾನೇ ಕರೆದು ತೋರಿಸಿದ್ದೇನೆ.

ಉಳಿದದ್ದು ನಿಗಾ. ಅದಕ್ಕೆ ಬುದ್ಧಿ ಬೇಡ, ಬೇಸರಪಡದ ಸ್ವಭಾವ ಬೇಕು. ವಾರಕ್ಕೊಮ್ಮೆ ಬೇಲಿಯ ಕೊನೆಯ ತುದಿಯಲ್ಲಿ ಮೀಟರ್ ಹಿಡಿದು, ಬಂದ ಅಂಕಿಯನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. 4,000ಕ್ಕಿಂತ ಕೆಳಗೆ ಬಂದರೆ ಅದೇ ದಿನ ತಂತಿಯ ಗುಂಟ ನಡೆಯುವುದು. ಹುಲ್ಲು, ಒಡೆದ ಇನ್ಸುಲೇಟರ್, ಸಡಿಲವಾದ ಗಂಟು, ಯಾವುದೋ ಒಂದು ಸಿಕ್ಕೇ ಸಿಗುತ್ತದೆ. ಮಳೆಗಾಲದಲ್ಲಿ ತಂತಿಯ ಕೆಳಗಿನ ಹುಲ್ಲನ್ನು ಕೊಯ್ದು ತಮ್ಮ ದನಕ್ಕೆ ಹಾಕುತ್ತಾರೆ ಕಾಕಾ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಪ್ಲೇಟಿಗೆ ಒದ್ದೆ ಬಟ್ಟೆ. ಗುಡುಗು ಕೇಳಿದರೆ ಮಷೀನನ್ನು ತಂತಿಯಿಂದ ಬಿಡಿಸಿಡುವುದು. ಇದನ್ನೆಲ್ಲ ಯಾರು ಮಾಡಬೇಕೆಂದು ಹೆಸರು ಹಾಕಿ ಬರೆದಿಟ್ಟಿದ್ದೇವೆ, ನನ್ನ ಹೆಸರೂ ಅದರಲ್ಲಿದೆ.

ಕಳ್ಳನ ವಿಷಯಕ್ಕೆ ಬಂದರೆ, ಬೇಲಿಯ ಮೇಲಿನ ನನ್ನ ನಂಬಿಕೆ ಈಗ ಅರ್ಧವೇ. ಒಣ ಕೋಲು ಹಿಡಿದವನನ್ನು ಅದು ತಡೆಯಲಾರದು, ತಡ ಮಾಡಬಹುದು, ಕೂಗಬಹುದು. ಹುಲ್ಲು ಕೊಯ್ದ ಮೇಲೆ ಸೈರನ್ ಸುಳ್ಳು ಕೂಗುವುದು ನಿಂತಿದೆ, ಹುಡುಗ ಈಗ ಎದ್ದು ನೋಡುತ್ತಾನೆ. ಆದರೆ ಕೇಬಲ್ ಉಳಿದದ್ದು ಬೇರೆ ಕಾರಣಕ್ಕೆ: ತಾಮ್ರ ತೆಗೆದು ಅಲ್ಯೂಮಿನಿಯಂ ಹಾಕಿದೆ, ಪೈಪಿನಲ್ಲಿ ತೂರಿಸಿ ನೆಲದಲ್ಲಿ ಹೂತೆ. ಕಳ್ಳನಿಗೆ ಬೇಕಾದ್ದು ತಾಮ್ರ. ಈ ಉಪಾಯಕ್ಕೆ ವೋಲ್ಟೇಜೇ ಬೇಕಿರಲಿಲ್ಲ.

ಹಂದಿ ಈಗಲೂ ಬರುತ್ತದೆ, ಕಡಿಮೆ. ಒಂದೊಂದು ವರ್ಷ ಒಂದು ಸಾಲು ಹೋಗುತ್ತದೆ.

ಇದನ್ನು ಓದುತ್ತಿರುವವರಲ್ಲಿ ಯಾರದಾದರೂ ಬದುವಿನ ಮೇಲೆ ಇವತ್ತು ರಾತ್ರಿಗೆಂದು ಡೈರೆಕ್ಟ್ ವೈರು ಸುತ್ತಿಟ್ಟಿದ್ದರೆ ಈಗಲೇ ಎದ್ದು ಹೋಗಿ ಮೊದಲು ಕಟೌಟ್ ತೆಗೆಯಿರಿ, ಆಮೇಲೆ ವೈರು ಬಿಚ್ಚಿರಿ. ಕೆಲಸದವರಿಗೆ ಹೇಳಬೇಡಿ, ನೀವೇ ಹೋಗಿರಿ. ಬೇಲಿಯ ಮೇಲೆ ಲೈನಿನ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ, 1912ಕ್ಕೆ ಫೋನ್ ಮಾಡಿರಿ.